ಕಲ್ಲತ್ತಿ ಪಂಪಿನ ಎರಡನೇ ಕಾರ್ಖಾನೆ

ಥಿಕಾ, ಕೀನ್ಯಾ
12 ನವೆಂಬರ್ 1976

ಮಜೀದ್ ಸಾಬರಿಗೆ ಷಡಕ್ಷರಿಯ ನಮಸ್ಕಾರ.

ಬಂದು ಹನ್ನೊಂದು ದಿನವಾಯಿತು. ಕಾಗದ ಬರೆಯಲು ಕೂತಾಗೆಲ್ಲ ಯಾರಾದರೂ ಬಂದು ಕಾಫಿ ತೋಟ ನೋಡಲು ಕರೆದುಕೊಂಡು ಹೋಗುತ್ತಿದ್ದರು, ಅದಕ್ಕೇ ತಡ. ಥಿಕಾ ಎಂಬುದು ನೈರೋಬಿಯಿಂದ ಒಂದು ಗಂಟೆಯ ದಾರಿ. ನಮ್ಮ ಕಡೂರು, ತರೀಕೆರೆ ಎರಡನ್ನೂ ಸೇರಿಸಿದಷ್ಟು ಊರು. ಸುತ್ತ ಎಲ್ಲಿ ನೋಡಿದರೂ ಕಾಫಿ. ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಗಿಡಗಳು ಸುಟ್ಟುಹೋದವಂತೆ, ಆದ್ದರಿಂದ ಇಲ್ಲಿಯ ಬೆಳೆಗೆ ಯಾರೂ ಕಂಡಿರದ ಬೆಲೆ. ನಮ್ಮಲ್ಲಿ ಅಡಿಕೆಗೆ ವರ್ಷಕ್ಕೆ ಎರಡು ಸಲ ಔಷಧಿ ಹೊಡೆದರೆ ಹೆಚ್ಚು. ಇಲ್ಲಿ ಕಾಫಿಗೆ ಏಳೆಂಟು ಸಲ ಹೊಡೆಯುತ್ತಾರೆ ಸಾಬರೇ. ಅಷ್ಟು ಸಲ ಪಂಪು ಬೇಕು.

ಜೊತೆಗೆ ತಂದಿದ್ದ ನಮ್ಮ ಕಾರ್ಖಾನೆಯ ನಾಲ್ಕು ಕಲ್ಲತ್ತಿ ಹಿತ್ತಾಳೆ ಪಂಪುಗಳನ್ನು ಒಂದು ದೊಡ್ಡ ತೋಟದಲ್ಲಿ ಮೂರು ದಿನ ಬಿಡದೆ ಓಡಿಸಿದರು. ಒಂದು ತೊಟ್ಟು ಸೋರಲಿಲ್ಲ. ಆ ತೋಟದ ಮ್ಯಾನೇಜರು ಟ್ಯಾಂಕಿನ ಬೆಸುಗೆಯ ಮೇಲೆ ಬೆರಳಾಡಿಸಿ, 'ಇದನ್ನು ಮಾಡಿದವನು ಯಾರು' ಎಂದು ಕೇಳಿದ. ನೀವು ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಆ ತಗಡಿನ ಶೆಡ್ಡಿನಲ್ಲಿ ಇಪ್ಪತ್ತು ವರ್ಷದ ಹಿಂದೆ ನಾವಿಬ್ಬರೂ ಮೊದಲ ಪಂಪು ಮಾಡಿದಾಗ ಇಂಥ ಪ್ರಶ್ನೆ ಇಂಥ ಕಡೆಯಿಂದ ಬರುತ್ತದೆಂದು ನಾನಂತೂ ನೆನೆಸಿರಲಿಲ್ಲ.

ಇಲ್ಲಿ ತೆರೆಯುವ ಕಾರ್ಖಾನೆಗೆ ಪಾಲುದಾರರಾಗಲು ಒಪ್ಪಿರುವ ಗುಜರಾತಿ ವ್ಯಾಪಾರಿ ಶೆಡ್ಡು ಕೊಡುತ್ತಾರೆ. ನಮ್ಮ ಪಾಲನ್ನು ನಗದಾಗಿ ಕಳಿಸಲು ನಮ್ಮ ಸರ್ಕಾರ ಬಿಡುವುದಿಲ್ಲ, ಹೊಸ ಯಂತ್ರದ ರೂಪದಲ್ಲೇ ಕಳಿಸಬೇಕು. ಆದ್ದರಿಂದ ತರೀಕೆರೆಗೆಂದು ತರಿಸಿದ ಹೊಸ ಲೇತನ್ನು ಇಲ್ಲಿಗೆ ಕಳಿಸಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ ನಿಮ್ಮ ತಮ್ಮ ಮುಕ್ತಿಯಾರ್ ಬೇಕು. ಆ ಬೆಸುಗೆ ಹಾಕಿದವನು ಅವನೇ ಅಲ್ಲವೇ? ಎರಡು ವರ್ಷ ಸಾಕು. ಅಷ್ಟರಲ್ಲಿ ಇಲ್ಲಿಯವರಿಗೆ ಕಲಿಸಿರುತ್ತಾನೆ.

ನಿಮ್ಮ
ಷಡಕ್ಷರಿ


ತರೀಕೆರೆ
5 ಡಿಸೆಂಬರ್ 1976

ಷಡಕ್ಷರಪ್ಪನವರಿಗೆ ಮಜೀದನ ಸಲಾಮು.

ಕಾಗದ ಸೇರಿತು. ಕಾರ್ಖಾನೆಯ ಅರವತ್ತು ಜನಕ್ಕೂ ಓದಿ ಹೇಳಿದೆ. ಮ್ಯಾನೇಜರು ಬೆಸುಗೆ ಮುಟ್ಟಿ ನೋಡಿದ ಸಾಲನ್ನು ಎರಡು ಸಲ ಓದಿಸಿದರು. ಮುಕ್ತಿಯಾರ್ ತಲೆ ತಗ್ಗಿಸಿಕೊಂಡು ಕೆಲಸ ಮಾಡ್ತಾನೇ ಇದ್ದ, ಆದರೆ ಕಿವಿ ಇಲ್ಲೇ ಇತ್ತು.

ಹೊಸ ಲೇತು ಕಡೂರು ಸ್ಟೇಷನ್ನಿಗೆ ಬಂದಿತ್ತು. ಪೆಟ್ಟಿಗೆ ಬಿಚ್ಚದೆ ಅಲ್ಲಿಂದಲೇ ಬೊಂಬಾಯಿಗೆ ಹಾಕಿಸಿದೆ. ಹಲಗೆ ಸಂದಿಯಲ್ಲಿ ಕೈ ಹಾಕಿ ಒಂದ್ಸಲ ಮುಟ್ಟಿ ನೋಡಿದೆ, ತಪ್ಪು ತಿಳೀಬೇಡಿ. ನಮ್ಮ ಹಳೇದು ಇನ್ನೂ ಓಡುತ್ತೆ.

ಮುಕ್ತಿಯಾರ್ ಬರ್ತಾನೆ. ನಮ್ಮಮ್ಮ ಚಾಂದ್ ಬಿ ಅವನಿಗೆ ಹೆಣ್ಣು ನೋಡಿಟ್ಟಿದ್ದರು. "ಎಷ್ಟ್ ದಿನಕ್ಕೆ ಹೋಗ್ತಾನೆ?" ಅಂದರು. "ಎರಡು ವರ್ಷ ಅಮ್ಮಾ" ಅಂದೆ. "ಹೆಣ್ಣಿನ ಕಡೆಯೋರು ಕಾಯ್ತಾರಾ ಕೇಳು" ಅಂತ ಎದ್ದು ಒಳಗೆ ಹೋದರು. ಕೇಳಿದೆ, ಕಾಯ್ತಾರಂತೆ. ಅವನಿಗೆ ಓದುಬರಹ ಅಷ್ಟಕ್ಕಷ್ಟೇ ಅಂತ ನಿಮಗೆ ಗೊತ್ತು. ಅವನ ಕ್ಷೇಮ ನೀವೇ ಬರೀಬೇಕು.

ಮಜೀದ್


ಥಿಕಾ
21 ಆಗಸ್ಟ್ 1977

ಮಜೀದ್ ಸಾಬರೇ,

ಹೊಗಳಿಕೆ ನಿಮ್ಮ ತಮ್ಮನಿಗೆ ಸಲ್ಲಬೇಕು. ಎಂಟು ತಿಂಗಳಲ್ಲಿ ನಾನೂರು ಪಂಪು ಹೊರಗೆ ಹೋಗಿವೆ. ರೈತರ ಸೊಸೈಟಿಗಳು ಸಾಲುಗಟ್ಟಿ ನಿಂತಿವೆ. ಉಗಾಂಡ, ಟಾಂಜಾನಿಯಾದಿಂದಲೂ ವಿಚಾರಿಸಿದ್ದಾರೆ. ಪತ್ರದ ತಲೆಯ ಮೇಲೆ ಈಗ 'ತರೀಕೆರೆ – ಥಿಕಾ' ಎಂದು ಎರಡು ಊರಿನ ಹೆಸರೂ ಅಚ್ಚಾಗುತ್ತಿದೆ. ಒಂದು ಹಾಳೆ ಇದರ ಜೊತೆ ಇಟ್ಟಿದ್ದೇನೆ, ಆಫೀಸಿನಲ್ಲಿ ಅಂಟಿಸಿ.

ಇನ್ನಿಬ್ಬರು ಒಳ್ಳೆಯ ಕೈಗಳು ಬೇಕು. ಪಂಪು ಪರೀಕ್ಷೆ ಮಾಡುವ ಈರಭದ್ರಪ್ಪ ಬಂದರೆ ಬಹಳ ಅನುಕೂಲ. ಟ್ಯಾಂಕುಗಳನ್ನೂ ಅಲ್ಲೇ ಮಾಡಿ ಕಳಿಸಿದರೆ ಇಲ್ಲಿ ಜೋಡಿಸಿಕೊಳ್ಳುತ್ತೇವೆ. ತಿಂಗಳಿಗೆ ನೂರು ಆಗಬಹುದೇ?

ಷಡಕ್ಷರಿ


ತರೀಕೆರೆ
9 ಅಕ್ಟೋಬರ್ 1977

ಷಡಕ್ಷರಪ್ಪನವರೇ,

ಈರಭದ್ರಪ್ಪನೂ ಇನ್ನೊಬ್ಬರೂ ಮುಂದಿನ ವಾರ ಹೊರಡ್ತಾರೆ. ತಿಂಗಳಿಗೆ ನೂರು ಆಗುತ್ತೆ. ಬೆಸುಗೆಗೆ ಅಜ್ಜಂಪುರದಿಂದ ಕರಿಯಪ್ಪ ಅಂತ ಒಬ್ಬರನ್ನು ತಂದಿದೀನಿ. ನಲವತ್ತು ದಾಟಿದ ಮನುಷ್ಯ, ಕೊಡ, ಬಿಂದಿಗೆ ರಿಪೇರಿ ಮಾಡ್ತಿದ್ದರು. ಕೈ ನಿಧಾನ, ಕಲೀತಾರೆ. ಕಡೂರಿನ ಅಂಗಡಿಯವರು ಎರಡು ಪಂಪು ಸೋರುತ್ತೆ ಅಂತ ವಾಪಸ್ ಕಳಿಸಿದ್ದರು, ಸರಿಮಾಡಿ ಕೊಟ್ಟೆ. ಅದು ದೊಡ್ಡ ವಿಷಯ ಅಲ್ಲ. ಅಲ್ಲಿಯ ಕೆಲಸ ಮುಖ್ಯ. ನೀವು ಇಲ್ಲಿಯ ಯೋಚನೆ ಮಾಡಬೇಡಿ.

ಮಜೀದ್


ಥಿಕಾ
17 ಸೆಪ್ಟೆಂಬರ್ 1978

ಮಜೀದ್ ಸಾಬರೇ,

ಬಹಳ ದಿನ ಬರೆಯಲಿಲ್ಲ. ಓಡಾಟ ಜಾಸ್ತಿ. ಕಾಫಿಯ ಬೆಲೆ ಸ್ವಲ್ಪ ಇಳಿದಿದೆ, ಮತ್ತೆ ಏರುತ್ತದೆ ಎನ್ನುತ್ತಾರೆ. ಯಾವುದೋ ವಿಲಾಯಿತಿ ಕಂಪನಿ ಪ್ಲಾಸ್ಟಿಕ್ ಪಂಪು ತಂದಿದೆ. ಬೆನ್ನಿಗೆ ಹಾಕಿಕೊಳ್ಳುವಂಥದ್ದು, ಹಗುರ. ಹಿತ್ತಾಳೆಯ ಮುಂದೆ ಅದು ಎಷ್ಟು ದಿನ ಬಾಳೀತು?

ಟ್ಯಾಂಕು ಕಳಿಸುವುದನ್ನು ನಾನು ಹೇಳುವ ತನಕ ನಿಲ್ಲಿಸಿ. ಗೋಡೌನು ತುಂಬಿದೆ. ಮುಕ್ತಿಯಾರ್ ಆರೋಗ್ಯವಾಗಿದ್ದಾನೆ, ಕೈತುಂಬ ಕೆಲಸ. ಅಮ್ಮನಿಗೆ ತಿಳಿಸಿ.

ಷಡಕ್ಷರಿ


ತರೀಕೆರೆ
30 ಜುಲೈ 1979

ಷಡಕ್ಷರಪ್ಪನವರೇ,

ನಿಮ್ಮ ಗೋಡೌನು ತುಂಬಿದೆ ಅಂತ ಬರೆದದ್ದು ಓದಿ ಇಲ್ಲಿ ಎಲ್ಲರಿಗೂ ಸಂತೋಷವಾಗಿತ್ತು. ಅಷ್ಟು ಸ್ಟಾಕ್ ಇಟ್ಟುಕೊಳ್ಳೋ ಹಾಗೆ ಬೆಳೆದಿದೀವಲ್ಲ ಅಂತ.

ಮಳೆ ಹೊತ್ತಿಗೆ ಸರಿಯಾಗಿ ಬಂತು. ಔಷಧಿ ಹೊಡೆಯೋ ಕೆಲಸ ಎಲ್ಲ ಕಡೆ ಮುಗೀತಾ ಬಂದಿದೆ. ಲಕ್ಕವಳ್ಳಿ ಕಡೆ ಈ ಸಲ ನಮ್ಮ ಪಂಪು ಅಷ್ಟಾಗಿ ಹೋಗಲಿಲ್ಲ. ಬೇರೆ ವಿಶೇಷ ಏನಿಲ್ಲ.

ಒಂದು ಮಾತು ಕೇಳಬೇಕಾಗಿತ್ತು. ಮುಕ್ತಿಯಾರ್ ಹೋಗಿ ಎರಡು ವರ್ಷದ ಮೇಲಾಯ್ತು. ಪೂರ್ತಿ ಬರದಿದ್ದರೂ ಚಿಂತೆಯಿಲ್ಲ, ಎರಡು ತಿಂಗಳ ಮಟ್ಟಿಗೆ ಕಳಿಸೋಕಾಗುತ್ತಾ? ಕರಿಯಪ್ಪನಿಗೆ ಪಕ್ಕದಲ್ಲಿ ಕೂತು ತೋರಿಸೋರು ಬೇಕು. ನನ್ನ ಕಣ್ಣು ಮೊದಲಿನ ಹಾಗಿಲ್ಲ.

ಮಜೀದ್


ಥಿಕಾ
2 ಸೆಪ್ಟೆಂಬರ್ 1979

ಮಜೀದ್ ಸಾಬರೇ,

ಮುಕ್ತಿಯಾರನನ್ನು ಬಿಟ್ಟುಕೊಡುವುದು ಈಗ ಆಗದ ಮಾತು. ಅವನಿಲ್ಲದೆ ಇಲ್ಲಿ ಒಂದು ದಿನ ನಡೆಯುವುದಿಲ್ಲ. ನೀವು ಅನುಭವಸ್ಥರು, ಕರಿಯಪ್ಪನಿಗೆ ನೀವೇ ತೋರಿಸಿಕೊಡಿ. ಮುಂದಿನ ವರ್ಷ ನೋಡೋಣ.

ಕಣ್ಣನ್ನು ಶಿವಮೊಗ್ಗದಲ್ಲಿ ತೋರಿಸಿ, ಉದಾಸೀನ ಮಾಡಬೇಡಿ.

ಷಡಕ್ಷರಿ


ತರೀಕೆರೆ
11 ಫೆಬ್ರವರಿ 1981

ಷಡಕ್ಷರಪ್ಪನವರೇ,

ನಮ್ಮಮ್ಮ ಜನವರಿ ಇಪ್ಪತ್ತೆಂಟನೇ ತಾರೀಕು ತೀರಿಕೊಂಡರು. ಮೂರು ದಿನ ಜ್ವರ, ಅಷ್ಟೇ. ಮುಕ್ತಿಯಾರ್‌ಗೆ ನೀವೇ ಹತ್ತಿರ ಕೂರಿಸಿಕೊಂಡು ಹೇಳಿ. ಹೆಣ್ಣಿನ ಕಡೆಯವರು ಹೋದ ವರ್ಷವೇ ಬೇರೆ ಕಡೆ ಕೊಟ್ಟರು, ಅದನ್ನು ಈಗಲೇ ಹೇಳೋದು ಬೇಡ.

ಕಾರ್ಖಾನೆ ನಡೀತಿದೆ. ಅಲ್ಲಿ ನೀವು ಚೆನ್ನಾಗಿ ನಡೆಸ್ತಿದೀರಿ ಅನ್ನೋದೇ ನಮಗೆಲ್ಲ ಧೈರ್ಯ.

ಮಜೀದ್


ಥಿಕಾ
20 ಜನವರಿ 1983

ಮಜೀದ್ ಸಾಬರಿಗೆ,

ಈ ಕಾಗದವನ್ನು ನಾಲ್ಕೂವರೆ ವರ್ಷದ ಹಿಂದೆ ಬರೆಯಬೇಕಾಗಿತ್ತು.

ಥಿಕಾದ ಕಾರ್ಖಾನೆಯನ್ನು ಮುಚ್ಚುತ್ತಿದ್ದೇನೆ. ಹೋದ ಆಗಸ್ಟಿನ ಸೈನಿಕ ದಂಗೆಯ ಗಲಾಟೆಯಲ್ಲಿ ನೈರೋಬಿಯಲ್ಲಿ ನಮ್ಮ ದೇಶದವರ ಅಂಗಡಿಗಳು ಲೂಟಿಯಾದದ್ದನ್ನು ಪತ್ರಿಕೆಯಲ್ಲಿ ಓದಿರುತ್ತೀರಿ. ಆ ಗಲಾಟೆಯಿಂದ ಹೀಗಾಯಿತು ಎಂದು ನಮಗೆ ಸಾಲ ಕೊಟ್ಟ ಬ್ಯಾಂಕಿನವರಿಗೆ ಬರೆದಿದ್ದೇನೆ. ನಿಮಗೆ ಹಾಗೆ ಬರೆಯಲಾರೆ. ಗಲಾಟೆಗೂ ನಮಗೂ ಸಂಬಂಧವಿಲ್ಲ, ಯಾರೂ ನಮ್ಮ ಶೆಡ್ಡಿನ ಹತ್ತಿರ ಸುಳಿಯಲಿಲ್ಲ. ಲೂಟಿ ಮಾಡಲು ಅಲ್ಲಿ ಏನಿತ್ತು?

1978ರ ಮಳೆಗಾಲಕ್ಕೇ ನಮ್ಮ ಪಂಪನ್ನು ಕೇಳುವವರು ಇಲ್ಲವಾದರು. ಗೋಡೌನು ತುಂಬಿದೆ ಎಂದು ಬರೆದೆನಲ್ಲ, ಮಾರಾಟವಾಗದೆ ತುಂಬಿತ್ತು. ಕಾಫಿಯ ಬೆಲೆ ಬಿದ್ದ ಮೇಲೆ ಸಣ್ಣ ರೈತ ಇಬ್ಬರು ಆಳು ಬೇಕಾದ ಹಿತ್ತಾಳೆ ಪಂಪನ್ನು ಏಕೆ ಕೊಳ್ಳುತ್ತಾನೆ? ಒಬ್ಬನೇ ಬೆನ್ನಿಗೆ ಹಾಕಿಕೊಂಡು ಹೋಗುವ ಪ್ಲಾಸ್ಟಿಕ್ಕನ್ನು ಕೊಂಡ. ಪ್ಲಾಸ್ಟಿಕ್ಕು ಎರಡು ವರ್ಷಕ್ಕೆ ಒಡೆಯುತ್ತದೆ, ಅವನು ಇನ್ನೊಂದು ಕೊಳ್ಳುತ್ತಾನೆ. ಇಷ್ಟು ಸಣ್ಣ ವಿಷಯ ನನಗೆ ಅರ್ಥವಾಗಲು ಬೇಕಾದದ್ದು ಒಂದು ವಾರ, ಒಪ್ಪಿಕೊಳ್ಳಲು ಬೇಕಾದದ್ದು ಇಷ್ಟು ವರ್ಷ. ಪಾಲುದಾರರು ಎಂಬತ್ತರಲ್ಲೇ ಕೈ ಬಿಟ್ಟರು. ಈರಭದ್ರಪ್ಪನೂ ಅವನ ಜೊತೆ ಬಂದವನೂ ಮೊಂಬಾಸದ ಒಂದು ಗ್ಯಾರೇಜಿಗೆ ಸೇರಿಕೊಂಡರು.

ಮುಚ್ಚಿ ಬರಬಹುದಾಗಿತ್ತು. ಆದರೆ ಊರಿನಲ್ಲಿ ಮುಖ ತೋರಿಸುವುದು ಹೇಗೆ ಎಂದು ಒಂದು ಕಡೆ. ಇನ್ನೊಂದು ಕಡೆ ನಿಮ್ಮ ಕಾಗದಗಳು. ಒಂದರಲ್ಲಿ 'ಇಲ್ಲಿಯ ಯೋಚನೆ ಮಾಡಬೇಡಿ', ಇನ್ನೊಂದರಲ್ಲಿ 'ಕಾರ್ಖಾನೆ ನಡೀತಿದೆ' ಎಂದು ಬರೆದಿದ್ದಿರಿ. ಊರಿನ ಕಾರ್ಖಾನೆ ಗಟ್ಟಿಯಾಗಿದೆ, ಇಲ್ಲಿ ಇನ್ನೊಂದು ವರ್ಷ ತಡೆದುಕೊಂಡರೆ ಬೆಲೆ ಏರುತ್ತದೆ ಎಂದು ಹೇಳಿಕೊಂಡೆ. ಪ್ರತಿ ವರ್ಷವೂ ಹಾಗೇ ಹೇಳಿಕೊಂಡೆ.

ಈಗ ಮುಕ್ತಿಯಾರ್ ವಿಷಯ. ನೀವು ಅವನನ್ನು ಎರಡು ತಿಂಗಳಿಗೆ ಕೇಳಿದಾಗ ಅವನಿಲ್ಲದೆ ನಡೆಯುವುದಿಲ್ಲ ಎಂದು ಬರೆದೆ. ಆಗ ಅವನಿಗೆ ಕೆಲಸವೇ ಇರಲಿಲ್ಲ. ಊರವರು ತಂದುಕೊಡುತ್ತಿದ್ದ ತೂತಾದ ಚಹಾದ ಕೆಟಲಿಗೆ ಬೆಸುಗೆ ಹಾಕುತ್ತ ಶೆಡ್ಡಿನ ಬಾಗಿಲಲ್ಲಿ ಕೂತಿರುತ್ತಿದ್ದ. ಅವನನ್ನು ಕಳಿಸಿದರೆ ತರೀಕೆರೆಯಲ್ಲಿ ನಿಜ ಹೇಳುತ್ತಾನೆ ಎಂಬ ಹೆದರಿಕೆ ನನ್ನದು. "ಅಣ್ಣ ಏನ್ ಬರ್ದವ್ನೆ?" ಎಂದು ಕೇಳಿದ. ಎಲ್ಲ ಕ್ಷೇಮ ಎಂದೆ. ನೀವು ಕರೆದಿದ್ದನ್ನು ಹೇಳಲಿಲ್ಲ. ಅಮ್ಮ ತೀರಿಕೊಂಡ ಸುದ್ದಿ ಹೇಳಿದ ದಿನ ಅವನು ನನ್ನ ಎದುರಿನಿಂದ ಎದ್ದು ಹೋಗಿ ಸಂಜೆಯವರೆಗೆ ರಸ್ತೆಯಲ್ಲಿ ನಡೆಯುತ್ತಿದ್ದ. ಆಗಲೂ ಹೇಳಲಿಲ್ಲ.

ಮಾರ್ಚ್ ಕೊನೆಗೆ ಇಬ್ಬರೂ ಹೊರಡುತ್ತೇವೆ.

ಷಡಕ್ಷರಿ


ತರೀಕೆರೆ
14 ಫೆಬ್ರವರಿ 1983

ಷಡಕ್ಷರಪ್ಪನವರಿಗೆ,

ಪೋಸ್ಟಿನ ರಂಗಯ್ಯ ಕಾಗದ ಕೊಟ್ಟು ನಾಲ್ಕು ದಿನವಾಯ್ತು. ಓದಿದ ದಿನ ಬಹಳ ಕೋಪ ಬಂತು. ಆ ಕೋಪದಲ್ಲಿ ಬರೆದದ್ದನ್ನು ಒಲೆಗೆ ಹಾಕಿದೆ. ಯಾಕೆ ಅಂದರೆ ನಾನು ಸಾಚಾ ಅಲ್ಲ.

1979ನೇ ಇಸವಿ ಜೂನ್ ಹದಿನೆಂಟನೇ ತಾರೀಕು ಲಕ್ಕವಳ್ಳಿಯ ಒಂದು ತೋಟದಲ್ಲಿ ನಮ್ಮ ಪಂಪಿನ ಟ್ಯಾಂಕು ಬಾಯಿಬಿಟ್ಟಿತು. ಮೇಲೆ ಮರದಲ್ಲಿ ಒಬ್ಬ ಔಷಧಿ ಹೊಡೀತಿದ್ದ, ಕೆಳಗೆ ಜವರಯ್ಯ ಅನ್ನೋರು ಪಂಪು ಒತ್ತುತಾ ಇದ್ದರು. ಬೆಸುಗೆ ಬಿಟ್ಟು ತಗಡಿನ ಅಂಚು ಮುಖಕ್ಕೆ ಬಡೀತು. ಔಷಧಿಯಲ್ಲಿದ್ದ ಮೈಲುತುತ್ತ, ಸುಣ್ಣ ಎರಡೂ ಕಣ್ಣಿಗೆ ಬಿದ್ದವು. ಬಲಗಣ್ಣು ಪೂರ್ತಿ ಹೋಯ್ತು. ಎಡಗಣ್ಣಲ್ಲಿ ಆಕಾರ ಕಾಣುತ್ತೆ.

ಆ ಬೆಸುಗೆ ಹಾಕಿದ್ದು ಕರಿಯಪ್ಪ. ಆದರೆ ತಪ್ಪು ನನ್ನದು. ಮೊದಲು ಒಂದೊಂದು ಟ್ಯಾಂಕಿಗೂ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಬರುತ್ತಾ ಅಂತ ಈರಭದ್ರಪ್ಪ ನೋಡ್ತಿದ್ದ. ಅವನು ಅಲ್ಲಿಗೆ ಬಂದ ಮೇಲೆ, ತಿಂಗಳಿಗೆ ನೂರು ಟ್ಯಾಂಕು ನಿಮಗೆ ಕಳಿಸಬೇಕಾದಾಗ, ಹತ್ತಕ್ಕೆ ಒಂದು ನೋಡಿದರೆ ಸಾಕು ಅಂತ ನಾನೇ ಹೇಳಿದೆ. ನೀವು ನಿಲ್ಲಿಸಿ ಅಂದ ಮೇಲೂ ಆ ಅಭ್ಯಾಸ ನಿಲ್ಲಲಿಲ್ಲ. ನಿಮಗೆ ಕಳಿಸಿದವನ್ನು ಪೂರ್ತಿ ನೋಡಿಯೇ ಕಳಿಸ್ತಿದ್ದೆ. ಹತ್ತಕ್ಕೆ ಒಂದು ನೋಡಿದ್ದು ನಮ್ಮೂರಿನವರಿಗೆ ಮಾರಿದವನ್ನು. ಪರದೇಶದಲ್ಲಿ ಹೆಸರು ಕೆಡಬಾರದು ಅಂತ.

ಅದಾದ ಆರು ವಾರಕ್ಕೆ ನಿಮಗೆ ಕಾಗದ ಬರೆದೆ, ಮುಕ್ತಿಯಾರನ್ನು ಎರಡು ತಿಂಗಳಿಗೆ ಕಳಿಸಿ ಅಂತ. ಜವರಯ್ಯನ ವಿಷಯ ಬರೀಲಿಲ್ಲ. ಅಷ್ಟು ದೂರದಲ್ಲಿ ಒಬ್ಬರೇ ಇದೀರಿ, ದೊಡ್ಡ ಕೆಲಸ ನಡೀತಿದೆ, ಈ ಸುದ್ದಿ ಕೇಳಿದರೆ ಎಲ್ಲ ಬಿಟ್ಟು ಓಡಿ ಬರ್ತೀರಿ ಅನ್ನಿಸ್ತು. ಬಂದಿದ್ದರೆ ಅವತ್ತೇ ಎಲ್ಲ ಗೊತ್ತಾಗ್ತಿತ್ತು, ಅಲ್ವಾ? ಆವಾಗ ಎರಡು ಕಾರ್ಖಾನೆಯಲ್ಲಿ ಒಂದಾದರೂ ಉಳೀತಿತ್ತೇನೋ.

ಇಲ್ಲಿ ಸುದ್ದಿ ತೋಟದಿಂದ ತೋಟಕ್ಕೆ ಹೋಯ್ತು. ಅಜ್ಜಂಪುರ, ಕಡೂರು ಎರಡೂ ಕಡೆ ಅಂಗಡಿಯವರು ನಮ್ಮ ಪಂಪನ್ನು ಒಳಗೆ ಎತ್ತಿಟ್ಟರು. ಅರವತ್ತು ಜನದಲ್ಲಿ ಈಗ ಹದಿನಾಲ್ಕು ಜನ ಉಳಿದಿದಾರೆ. ಕರಿಯಪ್ಪ ಆ ವರ್ಷದ ಕೊನೆಗೆ ಅಜ್ಜಂಪುರಕ್ಕೆ ಹೋದರು, ಮತ್ತೆ ಬರಲಿಲ್ಲ. ನಾನು ತಿಂಗಳಿಗೊಂದು ಸಲ ಲಕ್ಕವಳ್ಳಿಗೆ ಹೋಗಿ ಜವರಯ್ಯನನ್ನು ನೋಡಿ ಬರ್ತೀನಿ.

ಮುಕ್ತಿಯಾರ್‌ಗೆ ಇದ್ಯಾವುದೂ ಹೇಳಬೇಡಿ. ನಾನೇ ಹೇಳ್ತೀನಿ.

ಮಜೀದ್


ಕಡೂರು
12 ಜೂನ್ 1983

ಮಜೀದ್ ಸಾಬರಿಗೆ,

ನಾನು ಬಂದು ಎರಡು ತಿಂಗಳಾದರೂ ತರೀಕೆರೆಗೆ ಯಾಕೆ ಬರಲಿಲ್ಲ ಎಂದು ನೀವು ಯಾರನ್ನೂ ಕೇಳಲಿಲ್ಲವಂತೆ. ಮುಕ್ತಿಯಾರ್ ರೈಲಿನಲ್ಲಿ ಮುಂದಕ್ಕೆ ಹೋದ, ನಾನು ಇಲ್ಲಿ ಇಳಿದು ತಂಗಿ ಕಾಂತಮ್ಮನ ಮನೆಯಲ್ಲಿ ಉಳಿದೆ. ಬಸ್ಸಿಗೆ ಒಂದು ಗಂಟೆಯ ದಾರಿ. ಎರಡು ಸಲ ಬಸ್ ಸ್ಟ್ಯಾಂಡಿನವರೆಗೆ ಬಂದು ವಾಪಸಾದೆ. ಕಾರ್ಖಾನೆಯಲ್ಲಿ ಉಳಿದವರ ಮುಖ ನೋಡುವುದು ಹೇಗೆ?

ಹೋದ ಬುಧವಾರ ತರೀಕೆರೆಯಲ್ಲಿ ಇಳಿಯದೆ ನೇರವಾಗಿ ಲಕ್ಕವಳ್ಳಿಗೆ ಹೋದೆ. ಜವರಯ್ಯನಿಗೆ ಕಾಲುವೆಯ ತೂಬಿನ ಹತ್ತಿರ ಏನೋ ಸಣ್ಣ ಕೆಲಸ ಕೊಟ್ಟಿದ್ದಾರೆ. ಕಲ್ಲಿನ ಮೇಲೆ ಕೂತಿದ್ದ. ಹತ್ತಿರ ಹೋಗುವವರೆಗೂ ತಲೆ ಎತ್ತಲಿಲ್ಲ.

"ಯಾರು?" ಎಂದ. ಹೆಸರು ಹೇಳಿದೆ.

"ಫಾರಿನ್ ಯಜಮಾನ್ರು. ಬಂದ್ರಾ?" ಎಂದ.

ಕೂತುಕೊಳ್ಳಿ ಅನ್ನಲಿಲ್ಲ. ನನಗೆ ವಿಷಯ ಗೊತ್ತಾದದ್ದೇ ಈ ಮಾರ್ಚಿನಲ್ಲಿ ಎಂದೆ.

"ಸುಳ್ಳು ಯಾಕ್ ಹೇಳ್ತೀರಿ ಬುದ್ಧಿ? ಮಜೀದ್ ಸಾಬ್ರು ಆಸ್ಪತ್ರೇಲೇ ಹೇಳಿದ್ರು. ಯಜಮಾನ್ರಿಗೆ ಕಾಗದ ಬರ್ದಿದೀನಿ, ಅವ್ರು ಬಾಳ ನೊಂದ್ಕೊಂಡವ್ರೆ, ಬಂದ ತಕ್ಷಣ ನಿನ್ನ ನೋಡೋಕೆ ಬತ್ತಾರೆ ಅಂತ. ನಮ್ಮನೆಯವ್ಳು ಮೊದಮೊದ್ಲು ಕೇಳೋಳು, ಬಂದ್ರಾ ಬಂದ್ರಾ ಅಂತ. ಆಮೇಲೆ ಕೇಳೋದ್ ಬಿಟ್ಲು. ನಾಕ್ ವರ್ಷ ಆಯ್ತು. ಒಂದ್ ಕಾಗ್ದ ಆದ್ರೂ ಹಾಕ್ಬೋದಾಗಿತ್ತು ನೀವು."

ಸಾಬರೇ, ನೀವು ನನಗೆ ಬರೆದೇ ಇರಲಿಲ್ಲ ಎಂಬ ಮಾತು ಬಾಯಿಗೆ ಬಂತು. ನುಂಗಿಕೊಂಡೆ. ಇಡೀ ವಿಷಯದಲ್ಲಿ ಆತ ನಂಬಿರುವುದು ನಿಮ್ಮೊಬ್ಬರನ್ನು. ಅದನ್ನೂ ಕಿತ್ತುಕೊಂಡು ನನಗೇನಾಗಬೇಕು? "ತಪ್ಪಾಯಿತು" ಎಂದೆ. ಅವನು ಕಾಲುವೆಯ ಕಡೆಗೆ ತಿರುಗಿ ಕೂತ. ನಾನು ಬಂದುಬಿಟ್ಟೆ.

ನಿಮ್ಮ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ನಿಮ್ಮ ತಮ್ಮನ ಆರು ವರ್ಷವನ್ನು ನಾನು ತಿಂದೆ, ಅಮ್ಮನ ಕೊನೆಯ ದಿನಗಳನ್ನೂ. ದೂರುವ ಯೋಗ್ಯತೆ ನನಗಿಲ್ಲ. ಆದರೂ ಅಂದು ಗೊತ್ತಾಗಿದ್ದರೆ ನಾನು ಬರುತ್ತಿದ್ದೆ. ಖಂಡಿತ ಬರುತ್ತಿದ್ದೆ. ಅದನ್ನು ಯಾರಿಗೆ ಹೇಳಿದರೆ ನಂಬುತ್ತಾರೆ ಎಂದು ತಿಳಿಯದೆ ನಿಮಗೇ ಹೇಳುತ್ತಿದ್ದೇನೆ.

ಷಡಕ್ಷರಿ


ತರೀಕೆರೆ
19 ಜೂನ್ 1983

ಷಡಕ್ಷರಪ್ಪನವರಿಗೆ,

ನಿಮ್ಮ ಹೆಸರು ಕೆಡಬಾರದು ಅಂತಲೇ ಜವರಯ್ಯನ ಹತ್ತಿರ ಆ ಮಾತು ಆಡಿದ್ದೆ. ಕೆಡಿಸಿದ್ದೂ ಅದೇ ಮಾತು. ಪ್ರತಿ ತಿಂಗಳು ಹೋಗಿ ಕೂತು ಬರ್ತಿದ್ದೆ. "ಯಜಮಾನ್ರು?" ಅಂತ ಅವರು ಕೇಳೋದು ನಿಲ್ಲಿಸಿದಾಗ, ಅರ್ಥ ಮಾಡ್ಕೊಂಡ್ರು ಅಂತ ಸಮಾಧಾನಪಟ್ಟುಕೊಂಡೆ. ಅವರು ಮನಸ್ಸಿನಲ್ಲಿ ನಿಮ್ಮನ್ನು ಬಿಟ್ಟುಬಿಟ್ಟಿದ್ದಾರೆ ಅಂತ ಹೊಳೀಲಿಲ್ಲ.

ಮೊನ್ನೆ ಶುಕ್ರವಾರ ನಿಮ್ಮ ಕಾಗದ ಬಂತು. ನಿನ್ನೆ ಶನಿವಾರ ಲಕ್ಕವಳ್ಳಿಗೆ ಹೋದೆ. ಮುಕ್ತಿಯಾರ್ ಕೂಡ ಬಂದಿದ್ದ. ಅವನಿಗೆ ಎಲ್ಲ ಹೇಳಿದೀನಿ. ಕಾರ್ಖಾನೆಯಲ್ಲಿ ಎತ್ತಿಟ್ಟಿದ್ದ ಆ ಒಡೆದ ಟ್ಯಾಂಕನ್ನು ಹೊರಡೋ ಮೊದಲೇ ಹೊರಗೆ ತೆಗೆಸಿ ಬೆಳಕಿಗೆ ಹಿಡಿದು ನೋಡಿದ. "ಕೆಟ್ಟ ಕೈ ಅಲ್ಲ ಇದು ಭಾಯ್. ಬೆಂಕಿ ಜಾಸ್ತಿ ಕೊಟ್ಟವ್ರೆ. ಒಂದ್ ದಿನ ಪಕ್ಕದಲ್ಲಿ ಕೂತು ಹೇಳ್ಕೊಟ್ಟಿದ್ರೆ ಸಾಕಾಗಿತ್ತು" ಅಂದ. ನಿಮ್ಮ ಹೆಸರು ಎತ್ತಲಿಲ್ಲ, ನನ್ನದೂ ಎತ್ತಲಿಲ್ಲ. ಅಜ್ಜಂಪುರಕ್ಕೆ ಹೋಗಿ ಕರಿಯಪ್ಪನನ್ನು ನೋಡಿ ಅದನ್ನೇ ಹೇಳಿ ಬರ್ತೀನಿ ಅಂತಿದಾನೆ.

ಜವರಯ್ಯನಿಗೆ ನಿಜ ಹೇಳಿದೆ. "ಯಜಮಾನ್ರಿಗೆ ನಾನು ಬರ್ದೇ ಇರ್ಲಿಲ್ಲ ಕಣಪ್ಪ. ಅವ್ರಿಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಬತ್ತಿದ್ರು" ಅಂದೆ. ಆಮೇಲೆ "ಇನ್ಮೇಲೆ ನೀವು ಬರ್ಬೇಡಿ ಸಾಬ್ರೇ" ಅಂದರು. ಕೋಪದಿಂದ ಅಲ್ಲ, ಮೆಲ್ಲಗೆ. ಅವರ ಮನೆಯಾಕೆ ತಂದಿಟ್ಟ ನೀರು ಕುಡಿದು ಎದ್ದು ಬಂದೆ.

ಸಾಲ ತೀರಿಸೋಕಾಗದೆ ಇಲ್ಲಿಯ ಕಾರ್ಖಾನೆಯನ್ನೂ ಮುಚ್ಚಬೇಕಾಗಿದೆ, ಗುರುವಾರ ಬೀಗದ ಕೈಯನ್ನು ಬ್ಯಾಂಕಿನವರಿಗೆ ಕೊಡಬೇಕು. ಇಬ್ಬರು ಪಾಲುದಾರರ ಸಹಿಯೂ ಬೇಕಂತೆ. ನಿಮ್ಮ ಸಹಿಗೆ ಕಾಗದಪತ್ರವನ್ನು ಕಡೂರಿಗೇ ಕಳಿಸ್ತೀವಿ ಅಂದರು. ಬೇಡ ಅಂದೆ. ಉಳಿದ ಹದಿನಾಲ್ಕು ಜನವೂ ಅವತ್ತು ಬರ್ತಾರೆ. ಅವರ ಮುಖ ನೋಡೋದು ನನಗೂ ಕಷ್ಟ.

ಬೆಳಿಗ್ಗೆ ಒಂಬತ್ತಕ್ಕೆ ನಾನು ಗೇಟಿನ ಹತ್ತಿರ ನಿಂತಿರ್ತೀನಿ. ಬರೋ ಮನಸ್ಸಿದ್ದರೆ ಏಳೂವರೆ ಬಸ್ಸು ಹಿಡೀರಿ. ಇಲ್ಲದಿದ್ದರೂ ಸರಿಯೇ. ಕಾಗದ ಮಾತ್ರ ಬರೀಬೇಡಿ.

ಮಜೀದ್